ಅಂಗೈಯಗಲದ ಭಂಡಾರ: ಎಸ್‌ಎಸ್‌ಡಿಯ ವೇಗವೂ ಆಯ್ಕೆಯೂ

ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿಯ ಕಣಿವೆಯು ಜಲಮಯವಾದ ತರುವಾಯ ಹಿನ್ನೀರಿನ ದಡದಲ್ಲಿ ಉಳಿದುಕೊಂಡ ಸಾಗರ ಸೀಮೆಯ ಊರುಗಳ ಪೈಕಿ ಹೊನ್ನೆಮರಡು ಒಂದು. ತಾಳಗುಪ್ಪದಿಂದ ಅನತಿದೂರದಲ್ಲಿರುವ ಈ ದಡಕ್ಕೆ ಹರಿಗೋಲಿನಲ್ಲಿ ವಿಹರಿಸಲು ಬರುವ ತರುಣರು, ನಡುಗಡ್ಡೆಯಲ್ಲಿ ಗುಡಾರ ಹೂಡಿ ಇರುಳು ಕಳೆಯುವ ಸಾಹಸಿಗಳು, ನೀರುಹಕ್ಕಿಗಳ ಬೆನ್ನು ಹತ್ತಿದ ಛಾಯಾಗ್ರಾಹಕರು, ಇವರೆಲ್ಲರ ಕೈಯಲ್ಲಿಯೂ ಈಗ ಒಂದಿಲ್ಲೊಂದು ಕ್ಯಾಮರಾ ಇದ್ದೇ ಇರುತ್ತದೆ. ಇನ್ನು ಇಲ್ಲಿಂದ ಸುತ್ತ ಕಣ್ಣು ಹಾಯಿಸಿದರೆ, ಹೆಗ್ಗೋಡಿನ ನೀನಾಸಂ ರಂಗಮಂದಿರದ ನಾಟಕಗಳು, ಹೊಸನಗರ ತೀರ್ಥಹಳ್ಳಿಗಳ ಬಯಲಲ್ಲಿ ಬೆಳಗಿನವರೆಗೆ ನಡೆಯುವ ಯಕ್ಷಗಾನದ ಆಟಗಳು, ಆಗುಂಬೆಯ ಮಳೆಗಾಡಿನ ಕಪ್ಪೆಗಳು, ಕಾಳಿಂಗ ಸರ್ಪಗಳು, ಇವೆಲ್ಲವನ್ನೂ ದಾಖಲಿಸಿಡಬೇಕೆಂಬ ಹಂಬಲವುಳ್ಳವರು ಮಲೆನಾಡಿನಲ್ಲಿ ಬಹುಮಂದಿ ಇದ್ದಾರೆ. ಹಾಗೆ ದಾಖಲಿಸಿದುದನ್ನು ಎಲ್ಲಿ ಇಡಬೇಕು, ಎಷ್ಟು ಬೇಗ ಇಡಬಹುದು, ಎಷ್ಟು ಕಾಲ ಅದು ಉಳಿದೀತು ಎಂಬ ಪ್ರಶ್ನೆಗಳು ಈ ಹಂಬಲದ ಹಿಂದೆಯೇ ಬರುತ್ತವೆ.

ಒಂದು ಉದಾಹರಣೆಯನ್ನು ಹಿಡಿದು ನಡೆಯೋಣ. ಕಾಲಮಿತಿಯ ಯಕ್ಷಗಾನವೊಂದನ್ನು ನಾಲ್ಕು ಗಂಟೆಗಳ ಕಾಲ ಉತ್ತಮ ಗುಣಮಟ್ಟದ ವಿಡಿಯೋ ಆಗಿ ಚಿತ್ರೀಕರಿಸಿದೆವೆನ್ನಿ. ಕ್ಯಾಮರಾ ಸೆಕೆಂಡಿಗೆ 100 ಮೆಗಾಬಿಟ್‌ನಷ್ಟು ಮಾಹಿತಿಯನ್ನು ಬರೆಯುತ್ತದೆ. ಎಂಟು ಬಿಟ್‌ಗಳು ಕೂಡಿದರೆ ಒಂದು ಬೈಟ್ ಆಗುವುದರಿಂದ ಇದು ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟ್. ಗಂಟೆಗೆ 45 ಗಿಗಾಬೈಟ್. ಮಂಗಳ ಹಾಡುವ ಹೊತ್ತಿಗೆ 180 ಗಿಗಾಬೈಟ್. ಹಿನ್ನೀರಿನ ಅನೇಕ ಹಳ್ಳಿಗಳಲ್ಲಿ ಮೊಬೈಲ್ ನೆಟ್‌ವರ್ಕ್ ಸಿಗುವುದೇ ಕಷ್ಟ. ಸಿಕ್ಕಿತೆಂದೇ ಇಟ್ಟುಕೊಂಡು, ಸೆಕೆಂಡಿಗೆ 5 ಮೆಗಾಬಿಟ್ ವೇಗದಲ್ಲಿ ಈ ಕಡತವನ್ನು ದೂರದ ಸರ್ವರಿಗೆ ಏರಿಸಲು ಹೊರಟರೆ, ಎಲ್ಲಿಯೂ ತಡೆಯಿಲ್ಲದೆ ನಡೆದರೂ 80 ಗಂಟೆಗಳು ಬೇಕು. ಆದುದರಿಂದ ಕೈಯಲ್ಲಿ ಹಿಡಿದೊಯ್ಯಬಹುದಾದ ಸಂಗ್ರಹ ಸಾಧನವು ಇಲ್ಲಿಯ ದಾಖಲೆಗಾರನಿಗೆ ಅತ್ಯಾವಶ್ಯಕವಾದುದು.

ಅಂತಹ ಸಾಧನವಾಗಿ ನಾವು ಬಹುಕಾಲ ಬಳಸಿದುದು ಹಾರ್ಡ್ ಡಿಸ್ಕು. ಅದರೊಳಗೆ ಕಾಂತೀಯ ಲೇಪವುಳ್ಳ ತಟ್ಟೆಗಳು ನಿಮಿಷಕ್ಕೆ ಸಾಮಾನ್ಯವಾಗಿ 5400 ಸುತ್ತು ತಿರುಗುತ್ತಿರುತ್ತವೆ. ತಟ್ಟೆಯ ಮೇಲೆ ಕೂದಲೆಳೆಗಿಂತ ಸಹಸ್ರಾರು ಪಾಲು ಕಡಿಮೆ ಅಂತರದಲ್ಲಿ ತೇಲುವ ಶಿರವು ಅಕ್ಷರಗಳನ್ನು ಓದುತ್ತದೆ, ಬರೆಯುತ್ತದೆ. ಇಷ್ಟು ಸೂಕ್ಷ್ಮವಾದ ಯಂತ್ರವನ್ನು ಚಾಲನೆಯಲ್ಲಿರುವಾಗ ಜೀಪಿನಲ್ಲಿಟ್ಟು ಘಟ್ಟದ ರಸ್ತೆಯಲ್ಲಿ ಒಯ್ಯುವುದು ಅಪಾಯಕರ. ಈಗ ಅದರ ಎಡೆಯಲ್ಲಿ ಬಂದಿರುವ ಎಸ್‌ಎಸ್‌ಡಿಯಲ್ಲಿ, ಎಂದರೆ ಸಾಲಿಡ್ ಸ್ಟೇಟ್ ಡ್ರೈವಿನಲ್ಲಿ, ಚಲಿಸುವ ಭಾಗವೆಂಬುದೇ ಇಲ್ಲ. ಅದರ ಸಿಲಿಕಾನ್ ಬಿಲ್ಲೆಯೊಳಗೆ ಕೋಟ್ಯನುಕೋಟಿ ಸೂಕ್ಷ್ಮ ಕೋಶಗಳಿದ್ದು, ಪ್ರತಿಯೊಂದು ಕೋಶದಲ್ಲಿಯೂ ವಿದ್ಯುತ್ ಹರಿಯಗೊಡದ ಪೊರೆಯ ನಡುವೆ ಎಲೆಕ್ಟ್ರಾನುಗಳನ್ನು ಸೆರೆಹಿಡಿದಿಡಲಾಗುತ್ತದೆ. ಹೀಗೆ ಬಂಧಿತವಾದ ವಿದ್ಯುದಾವೇಶವೇ ನಮ್ಮ ಚಿತ್ರ, ನಮ್ಮ ಭಾಗವತರ ಸ್ವರ, ನಮ್ಮ ಅಕ್ಷರ. ವಿದ್ಯುತ್ ಸಂಪರ್ಕ ತಪ್ಪಿದ ಮೇಲೂ ಈ ಆವೇಶ ಉಳಿಯುವಂತೆ ಮಾಡಬಹುದೆಂಬುದನ್ನು 1967ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಡಾವನ್ ಕಾಂಗ್ ಮತ್ತು ಸೈಮನ್ ಜೆ ಎಂಬ ಇಬ್ಬರು ವಿಜ್ಞಾನಿಗಳು ತೋರಿಸಿಕೊಟ್ಟರು. ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುಒಕ ಎಂಬವರು ಎಂಬತ್ತರ ದಶಕದಲ್ಲಿ ಇದನ್ನು ಫ್ಲಾಶ್ ಸ್ಮೃತಿಯಾಗಿ ರೂಪಿಸಿದರು. ಇಂದಿನ ಪೆನ್ ಡ್ರೈವ್, ಮೆಮೊರಿ ಕಾರ್ಡ್, ಎಸ್‌ಎಸ್‌ಡಿ ಇವೆಲ್ಲಕ್ಕೂ ಆಧಾರವಾದ ನ್ಯಾಂಡ್ ಎಂಬ ಬಗೆಯನ್ನು ಲೋಕಕ್ಕೆ ಪರಿಚಯಿಸಿದ ವರ್ಷ 1987.

ಒಂದು ಕೋಶದಲ್ಲಿ ಆವೇಶ ಉಂಟು ಅಥವಾ ಇಲ್ಲ ಎಂಬ ಎರಡೇ ಸ್ಥಿತಿಗಳನ್ನು ಗುರುತಿಸಿದರೆ ಅಲ್ಲಿ ಒಂದು ಬಿಟ್ ಹಿಡಿಯುತ್ತದೆ. ಆವೇಶದ ಪ್ರಮಾಣವನ್ನು ಎಂಟು ಮಟ್ಟಗಳಾಗಿ ಅಳೆಯಬಲ್ಲೆವಾದರೆ ಮೂರು ಬಿಟ್‌ಗಳು, ಹದಿನಾರು ಮಟ್ಟಗಳಾಗಿ ಅಳೆಯಬಲ್ಲೆವಾದರೆ ನಾಲ್ಕು ಬಿಟ್‌ಗಳು ಹಿಡಿಯುತ್ತವೆ. ಮೂರರದು ಟಿಎಲ್‌ಸಿ, ನಾಲ್ಕರದು ಕ್ಯೂಎಲ್‌ಸಿ. ಮಟ್ಟಗಳು ಹೆಚ್ಚಿದಂತೆ ಅದೇ ಬಿಲ್ಲೆಯಲ್ಲಿ ಹೆಚ್ಚು ಮಾಹಿತಿ ಅಡಗಿ ಬೆಲೆ ಇಳಿಯುತ್ತದೆಂಬುದು ಲಾಭ. ಮಟ್ಟಗಳ ನಡುವಣ ಅಂತರ ಕಿರಿದಾಗಿ, ಬರೆಯುವ ಕಾರ್ಯ ನಿಧಾನವಾಗಿ, ಕೋಶದ ಆಯುಸ್ಸು ಕುಗ್ಗುತ್ತದೆಂಬುದು ನಷ್ಟ. ಈ ಲಾಭನಷ್ಟಗಳ ಲೆಕ್ಕವನ್ನು ತಿಳಿದವನಿಗೆ ಎಸ್‌ಎಸ್‌ಡಿಯ ಅರ್ಧ ರಹಸ್ಯ ತಿಳಿದಂತೆಯೇ ಸರಿ.

ಇನ್ನರ್ಧ ಇರುವುದು ದಾರಿಯಲ್ಲಿ. ಡಬ್ಬಿಯ ಮೇಲೆ ಸೆಕೆಂಡಿಗೆ 1050 ಮೆಗಾಬೈಟ್ ಎಂದೋ 2000 ಮೆಗಾಬೈಟ್ ಎಂದೋ ಮುದ್ರಿಸಿರುವ ಅಂಕೆಯು ಆ ಡ್ರೈವಿನ ಪರಮಾವಧಿ ಸಾಮರ್ಥ್ಯವೇ ಹೊರತು ನಮಗೆ ದೊರೆಯುವ ವೇಗವಲ್ಲ. ಮಾಹಿತಿಯು ಎಲ್ಲಿಂದ ಹೊರಡುತ್ತದೆಯೋ ಆ ಮೂಲ, ಅದು ಹಾದುಬರುವ ಪೋರ್ಟ್, ಕೇಬಲ್, ಕಟ್ಟಕಡೆಗೆ ಸೇರುವ ಡ್ರೈವ್, ಇವುಗಳಲ್ಲಿ ಯಾವುದು ಅತ್ಯಂತ ಮಂದವೋ ಅದರ ವೇಗವೇ ಇಡೀ ಪ್ರಯಾಣದ ವೇಗವಾಗುತ್ತದೆ. ಕ್ಯಾಮರಾದ ಸಾಧಾರಣ ಎಸ್‌ಡಿ ಕಾರ್ಡು ಸೆಕೆಂಡಿಗೆ 90 ಮೆಗಾಬೈಟ್‌ನಂತೆ ಓದಗೊಡುತ್ತಿದ್ದರೆ, ನಮ್ಮ 180 ಗಿಗಾಬೈಟ್ ಯಕ್ಷಗಾನವು ಲ್ಯಾಪ್‌ಟಾಪಿಗೆ ಇಳಿಯಲು ಅರ್ಧ ಗಂಟೆಗೂ ಮಿಗಿಲಾದ ಕಾಲ ಬೇಕು. ಎದುರಿಗಿರುವ ಎಸ್‌ಎಸ್‌ಡಿ ಎಷ್ಟೇ ಬೆಲೆಯುಳ್ಳದ್ದಾಗಿದ್ದರೂ ಈ ಅರ್ಧ ಗಂಟೆಯಲ್ಲಿ ಒಂದು ಕ್ಷಣವೂ ಕಡಿಮೆಯಾಗದು. ಅದೇ ಕಡತವು ಲ್ಯಾಪ್‌ಟಾಪಿನ ಒಳಗಿನ ವೇಗದ ಡ್ರೈವಿನಿಂದ ಹೊರಗಿನ ಎಸ್‌ಎಸ್‌ಡಿಗೆ ಹೋಗುವಾಗ ಮಾತ್ರ, ಸೆಕೆಂಡಿಗೆ 1000 ಮೆಗಾಬೈಟ್ ವೇಗವು ಪೂರ್ತಿಯಾಗಿ ಒದಗಿದರೆ, ಮೂರು ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ.

ಪೋರ್ಟಿನ ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಯುಎಸ್‌ಬಿ ಎಂಬ ಸಂಪರ್ಕ ವಿಧಾನವು 1996ರಲ್ಲಿ ಹೊರಬಂದಿತು. ಅದನ್ನು ರೂಪಿಸಿದವರಲ್ಲಿ ಪ್ರಮುಖರಾದ ಅಜಯ್ ಭಟ್ಟರು ಭಾರತದಲ್ಲಿ ಹುಟ್ಟಿ ಇಂಟೆಲ್ ಸಂಸ್ಥೆಯಲ್ಲಿ ದುಡಿದವರು. ಆಗ ಅದರ ಗರಿಷ್ಠ ವೇಗ ಸೆಕೆಂಡಿಗೆ 12 ಮೆಗಾಬಿಟ್. 2000ದಲ್ಲಿ ಅದು 480 ಮೆಗಾಬಿಟ್‌ಗೆ, 2008ರಲ್ಲಿ 5 ಗಿಗಾಬಿಟ್‌ಗೆ, 2013ರಲ್ಲಿ 10 ಗಿಗಾಬಿಟ್‌ಗೆ, 2017ರಲ್ಲಿ 20 ಗಿಗಾಬಿಟ್‌ಗೆ, 2019ರಲ್ಲಿ 40 ಗಿಗಾಬಿಟ್‌ಗೆ ಏರಿತು. ಈ ಅಂಕೆಗಳೆಲ್ಲ ಬಿಟ್‌ಗಳಲ್ಲಿವೆ, ಡ್ರೈವಿನ ಡಬ್ಬಿಯ ಮೇಲಿನ ಅಂಕೆ ಬೈಟ್‌ಗಳಲ್ಲಿದೆ ಎಂಬುದನ್ನು ಕೊಳ್ಳುವವನು ಮೊದಲು ಗಮನಿಸತಕ್ಕದ್ದು. ಇಂಗ್ಲಿಷಿನ ಸಣ್ಣ ಬಿ ಅಕ್ಷರ ಬಿಟ್‌ಗೂ ದೊಡ್ಡ ಬಿ ಅಕ್ಷರ ಬೈಟ್‌ಗೂ ಸಂಕೇತ. ಎಂಟರಿಂದ ಭಾಗಿಸಿ, ಮಾಹಿತಿಯ ಜೊತೆಗೆ ಸಾಗುವ ಸಂಕೇತಗಳ ಹೊರೆಯನ್ನು ಕಳೆದರೆ, 480 ಮೆಗಾಬಿಟ್ ಪೋರ್ಟಿನಲ್ಲಿ ಸುಮಾರು 40 ಮೆಗಾಬೈಟ್, 5 ಗಿಗಾಬಿಟ್‌ನದರಲ್ಲಿ ಸುಮಾರು 450, 10 ಗಿಗಾಬಿಟ್‌ನದರಲ್ಲಿ ಸುಮಾರು 1000 ಮೆಗಾಬೈಟ್ ವಾಸ್ತವವಾಗಿ ಕೈಗೆ ಸಿಗುತ್ತವೆ. ಮೂರು ನಿಮಿಷಗಳಲ್ಲಿ ಮುಗಿಯಬೇಕಾದ ನಮ್ಮ ಯಕ್ಷಗಾನವು ಹಳೆಯ 480ರ ದಾರಿಯಲ್ಲಿ ಒಂದೂಕಾಲು ಗಂಟೆ ತೆಗೆದುಕೊಳ್ಳುತ್ತದೆ.

ಹಳೆಯ ದಾರಿಯೆಂದರೆ ಹಳೆಯ ಯಂತ್ರದಲ್ಲಿ ಮಾತ್ರ ಇರುವುದೆಂದು ತಿಳಿಯಬಾರದು. ಈಗ ಎಲ್ಲೆಡೆ ಕಾಣುವ ಅಂಡಾಕಾರದ ಸಿ ಪೋರ್ಟು ಬರಿಯ ಆಕಾರವನ್ನು ಸೂಚಿಸುತ್ತದೆಯೇ ವಿನಾ ವೇಗವನ್ನಲ್ಲ. ಐಫೋನ್ 15ರ ಸಾಮಾನ್ಯ ಮಾದರಿಯ ಸಿ ಪೋರ್ಟಿನ ವೇಗ 480 ಮೆಗಾಬಿಟ್, ಅದೇ ವರ್ಷದ ಪ್ರೊ ಮಾದರಿಯದು 10 ಗಿಗಾಬಿಟ್. ಹೊರನೋಟಕ್ಕೆ ಎರಡೂ ಒಂದೇ. ಕೇಬಲ್ಲಿನ ಕಥೆಯೂ ಹೀಗೆಯೇ. ಫೋನಿನ ಚಾರ್ಜರಿನೊಡನೆ ಬರುವ ಕೇಬಲ್‌ಗಳಲ್ಲಿ ಬಹುಪಾಲು 480 ಮೆಗಾಬಿಟ್‌ಗೆ ಸೀಮಿತವಾದವು. ಡ್ರೈವಿನ ಜೊತೆ ಕೊಟ್ಟ ಮೋಟು ಕೇಬಲನ್ನು ಮನೆಯಲ್ಲಿ ಬಿಟ್ಟು ಹೊನ್ನೆಮರಡಿಗೆ ಬಂದವನು ಅದರ ಬದಲು ಚಾರ್ಜರಿನ ಕೇಬಲನ್ನು ಸಿಕ್ಕಿಸಿದನೆಂದರೆ, ಅವನ ಡ್ರೈವು ಇಪ್ಪತ್ತೈದರಲ್ಲಿ ಒಂದು ಪಾಲು ವೇಗಕ್ಕೆ ಇಳಿಯುತ್ತದೆ. ಹೆಸರುಗಳ ಗೊಂದಲವೂ ಇದಕ್ಕೆ ಸೇರಿದೆ: ಯುಎಸ್‌ಬಿ 3.0, 3.1 ಜೆನ್ 1, 3.2 ಜೆನ್ 1 ಎಂಬ ಮೂರೂ ಹೆಸರುಗಳು ಒಂದೇ 5 ಗಿಗಾಬಿಟ್ ವೇಗಕ್ಕೆ ಸಲ್ಲುತ್ತವೆ. ಹೆಸರನ್ನು ಬಿಟ್ಟು ಗಿಗಾಬಿಟ್ ಎಷ್ಟೆಂದು ಕೇಳುವುದೇ ಸುರಕ್ಷಿತವಾದ ಕ್ರಮ. 20 ಗಿಗಾಬಿಟ್‌ನ ಡ್ರೈವುಗಳಿಗೆ ಅದೇ ಬಗೆಯ ಪೋರ್ಟು ಬೇಕು. ಅದು ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಇಲ್ಲ. ಇಲ್ಲದಿದ್ದಲ್ಲಿ ಅವು 10 ಗಿಗಾಬಿಟ್‌ಗೆ ಇಳಿದು ಕೆಲಸ ಮಾಡುತ್ತವೆ, ಹೆಚ್ಚು ತೆತ್ತ ಹಣ ವ್ಯರ್ಥವಾಗುತ್ತದೆ.

ಮೂಲ, ಪೋರ್ಟ್, ಕೇಬಲ್ ಎಲ್ಲವೂ ಸರಿಯಾಗಿದ್ದಾಗಲೂ ಕೆಲವು ಡ್ರೈವುಗಳು ಮೊದಲ ಹತ್ತಾರು ಗಿಗಾಬೈಟ್‌ಗಳನ್ನು ಭರದಿಂದ ನುಂಗಿ ಆಮೇಲೆ ಒಮ್ಮೆಲೇ ತೆವಳತೊಡಗುವುದುಂಟು. ಇದಕ್ಕೆ ಕಾರಣವನ್ನು ತಿಳಿಯಲು ಶರಾವತಿಯ ವ್ಯವಸ್ಥೆಯನ್ನೇ ನೋಡಬಹುದು. ಲಿಂಗನಮಕ್ಕಿಯ ನೀರು ನೇರವಾಗಿ ದೊಡ್ಡ ವಿದ್ಯುದಾಗಾರಕ್ಕೆ ಹೋಗದೆ ತಳಕಳಲೆಯ ಸಮತೋಲನ ಜಲಾಶಯದಲ್ಲಿ ತಂಗಿ ಅನಂತರ ಕೊಳವೆಗಳಿಗೆ ಇಳಿಯುವಂತೆ, ಎಸ್‌ಎಸ್‌ಡಿಯೂ ತನ್ನ ಕೋಶಗಳಲ್ಲಿ ಒಂದು ಪಾಲನ್ನು ತಾತ್ಕಾಲಿಕ ತಂಗುದಾಣವಾಗಿ ಇರಿಸಿಕೊಂಡು, ಅಲ್ಲಿ ಕೋಶಕ್ಕೆ ಒಂದೇ ಬಿಟ್‌ನಂತೆ ಅತಿವೇಗದಿಂದ ಬರೆದುಕೊಂಡು, ಬಿಡುವು ದೊರೆತಾಗ ಅದನ್ನು ಮೂರು ನಾಲ್ಕು ಬಿಟ್‌ಗಳ ದಟ್ಟವಾದ ಕೋಶಗಳಿಗೆ ಸಾಗಿಸುತ್ತದೆ. ತಂಗುದಾಣ ತುಂಬಿತೋ, ದಟ್ಟ ಕೋಶಗಳ ನಿಜವೇಗ ಬಯಲಾಗುತ್ತದೆ. ಟಿಎಲ್‌ಸಿ ಡ್ರೈವುಗಳಲ್ಲಿ ಈ ಇಳಿತ ಬಹುಮಟ್ಟಿಗೆ ಸಹನೀಯ. ಅಗ್ಗದ ಕ್ಯೂಎಲ್‌ಸಿ ಡ್ರೈವುಗಳಲ್ಲಿಯಾದರೋ ವೇಗವು ಹಾರ್ಡ್ ಡಿಸ್ಕಿನ ಮಟ್ಟಕ್ಕೆ, ಒಮ್ಮೊಮ್ಮೆ ಅದಕ್ಕೂ ಕೆಳಕ್ಕೆ ಕುಸಿಯುತ್ತದೆ. ಡ್ರೈವು ತುಂಬುತ್ತ ಬಂದಂತೆ ತಂಗುದಾಣವೂ ಕಿರಿದಾಗುವುದರಿಂದ ಐದನೆಯ ಒಂದು ಭಾಗವನ್ನಾದರೂ ಖಾಲಿ ಇಟ್ಟುಕೊಳ್ಳುವುದು ಒಳಿತು. ದೀರ್ಘ ವಿಡಿಯೋಗಳನ್ನು ಒಂದೇ ಉಸಿರಿಗೆ ನಕಲು ಮಾಡುವವರು ಟಿಎಲ್‌ಸಿಯನ್ನೇ ಆರಿಸತಕ್ಕದ್ದೆಂಬುದು ನನ್ನ ಸ್ಪಷ್ಟವಾದ ಅಭಿಪ್ರಾಯ. ಆಗೀಗ ನಾಲ್ಕಾರು ಕಡತಗಳನ್ನು ಇಡುವವರಿಗೆ ಕ್ಯೂಎಲ್‌ಸಿ ಸಾಕು.

ಸಹಸ್ರಾರು ಸಣ್ಣ ಕಡತಗಳನ್ನು ನಕಲಿಸುವಾಗ ಪ್ರತಿಯೊಂದಕ್ಕೂ ಹೆಸರು, ಸ್ಥಾನ, ದಿನಾಂಕ ಎಂಬ ದಫ್ತರಿನ ಕೆಲಸ ಬೇರೆ ನಡೆಯಬೇಕಾದುದರಿಂದ ವೇಗ ಮತ್ತಷ್ಟು ತಗ್ಗುತ್ತದೆ. ಇದು ಡ್ರೈವಿನ ದೋಷವಲ್ಲ. ಬಿಸಿಲಿಗೆ ಕಾದ ಡ್ರೈವು ತನ್ನ ರಕ್ಷಣೆಗಾಗಿ ತಾನೇ ವೇಗ ತಗ್ಗಿಸಿಕೊಳ್ಳುವುದೂ ದೋಷವಲ್ಲ.

ಇನ್ನು ಮಲೆನಾಡಿನ ಮಳೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲು, ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ ಇವು ನಾಡಿನಲ್ಲಿಯೇ ಅತ್ಯಧಿಕ ಮಳೆ ಬೀಳುವ ಎಡೆಗಳ ಸಾಲಿಗೆ ಸೇರಿದವು. ಆಷಾಢದಲ್ಲಿ ಇಲ್ಲಿ ಕ್ಯಾಮರಾದ ಮಸೂರಕ್ಕೂ ಬೂಷ್ಟು ಹಿಡಿಯುತ್ತದೆ. ಡ್ರೈವಿನ ಮೇಲೆ ಐಪಿ ಎಂಬ ಅಕ್ಷರಗಳ ಮುಂದೆ ಎರಡು ಅಂಕೆಗಳಿದ್ದರೆ ಮೊದಲನೆಯದು ಧೂಳಿನಿಂದ, ಎರಡನೆಯದು ನೀರಿನಿಂದ ಇರುವ ರಕ್ಷಣೆಯನ್ನು ಹೇಳುತ್ತದೆ. 65 ಎಂದಿದ್ದರೆ ಧೂಳು ಒಳಹೋಗದು, ಚಿಮ್ಮುವ ನೀರಿಗೆ ಅಂಜಬೇಕಾಗಿಲ್ಲ. 67 ಎಂದಿದ್ದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ತಡೆದುಕೊಳ್ಳುತ್ತದೆ. ಹರಿಗೋಲು ಏರುವವನಿಗೆ ಈ ಎರಡನೆಯ ಅಂಕೆ ವೇಗದ ಅಂಕೆಗಿಂತ ಮುಖ್ಯವಾದುದು. ಗಾಳಿಮಳೆಗೆ ಕರೆಂಟು ಹೋಗುವುದು ಇಲ್ಲಿ ನಿತ್ಯದ ಸಂಗತಿಯಾದುದರಿಂದ, ಬ್ಯಾಟರಿಯ ಆಸರೆಯಿಲ್ಲದ ಕಂಪ್ಯೂಟರಿನಲ್ಲಿ ನಕಲು ಕಾರ್ಯಕ್ಕೆ ತೊಡಗಬಾರದು. ವಿಂಡೋಸ್, ಮ್ಯಾಕ್ ಎರಡರಲ್ಲಿಯೂ ನಡೆಯಲೆಂದು ನಾವು ಆಯ್ದುಕೊಳ್ಳುವ ಎಕ್ಸ್‌ಫ್ಯಾಟ್ ಕಡತವ್ಯವಸ್ಥೆಯು, ಬರೆಯುತ್ತಿರುವಾಗ ಸಂಪರ್ಕ ಕಡಿದರೆ ಬೇಗ ಕೆಡುತ್ತದೆ. ಆದುದರಿಂದಲೇ ‘ಇಜೆಕ್ಟ್’ ಒತ್ತಿ, ಅನುಮತಿ ಬಂದ ಮೇಲೆಯೇ ಕೇಬಲ್ ಕೀಳಬೇಕು.

ಕೊಳ್ಳುವಾಗ ಇನ್ನೊಂದು ಎಚ್ಚರ. ಒಂದು ಟೆರಾಬೈಟ್ ಡ್ರೈವನ್ನು ವಿಂಡೋಸ್ 931 ಗಿಗಾಬೈಟ್ ಎಂದು ತೋರಿಸಿದರೆ ಅದು ಮೋಸವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿಯೂ ವಿಂಡೋಸ್ 1024ರ ಲೆಕ್ಕದಲ್ಲಿಯೂ ಎಣಿಸುವುದರಿಂದ ಹುಟ್ಟುವ ವ್ಯತ್ಯಾಸವದು. ಎರಡು ಮೂರು ಸಾವಿರ ರೂಪಾಯಿಗೆ 16 ಟೆರಾಬೈಟ್ ಎಂದು ಆನ್‌ಲೈನ್‌ನಲ್ಲಿ ಮಾರುವ ಡ್ರೈವು ಮಾತ್ರ ನಿಶ್ಚಯವಾಗಿ ಮೋಸ. ಅದರ ಲೋಹದ ಕವಚದೊಳಗೆ ಒಂದು ಸಣ್ಣ ಮೆಮೊರಿ ಕಾರ್ಡ್ ಇದ್ದು, ದೊಡ್ಡ ಸಾಮರ್ಥ್ಯವನ್ನು ಸುಳ್ಳಾಗಿ ವರದಿ ಮಾಡುವಂತೆ ಅದನ್ನು ತಿದ್ದಿರುತ್ತಾರೆ; ನಿಜವಾದ ಜಾಗ ಮುಗಿದ ಮೇಲೆ ಬರೆದುದೆಲ್ಲ ಸದ್ದಿಲ್ಲದೆ ನಷ್ಟವಾಗುತ್ತದೆ. ಹೊಸ ಡ್ರೈವನ್ನು ಒಮ್ಮೆ ತುದಿಯವರೆಗೆ ತುಂಬಿಸಿ ಮರಳಿ ಓದಿ ನೋಡುವ ಎಚ್2ಟೆಸ್ಟ್‌ಡಬ್ಲ್ಯೂ, ಎಫ್3 ಎಂಬ ಉಚಿತ ತಂತ್ರಾಂಶಗಳಿವೆ.

ಎಷ್ಟು ಕಾಲ ಉಳಿದೀತು ಎಂಬ ಪ್ರಶ್ನೆಗೆ ಉತ್ತರವು ಹಲವರಿಗೆ ಅನಿರೀಕ್ಷಿತವೆನಿಸಬಹುದು. ಕೋಶದಲ್ಲಿ ಸೆರೆಯಾದ ಎಲೆಕ್ಟ್ರಾನುಗಳು ಪೊರೆಯ ಮೂಲಕ ಮೆಲ್ಲಮೆಲ್ಲನೆ ಸೋರುತ್ತವೆ. ಸೆಕೆ ಹೆಚ್ಚಿದಷ್ಟೂ, ಕೋಶ ಸವೆದಷ್ಟೂ ಸೋರಿಕೆ ಹೆಚ್ಚು. ಜೆಡೆಕ್ ಎಂಬ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ಸಾಮಾನ್ಯ ಬಳಕೆಯ ಎಸ್‌ಎಸ್‌ಡಿಗೆ ವಿಧಿಸಿರುವ ನಿಯಮವೆಂದರೆ, ನಿಗದಿಪಡಿಸಿದಷ್ಟು ಬರೆಹವನ್ನು ಪೂರೈಸಿ ಸವೆದ ಡ್ರೈವು ವಿದ್ಯುತ್ತಿಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿಯನ್ನು ಕಾಯ್ದುಕೊಳ್ಳಬೇಕು. ಹೊಸ ಡ್ರೈವು ಇದಕ್ಕಿಂತ ಬಹಳ ಹೆಚ್ಚು ಕಾಲ ಕಾಯುತ್ತದೆ, ನಿಜ. ಆದರೂ ಕಪಾಟಿನಲ್ಲಿಟ್ಟು ಹತ್ತು ವರ್ಷ ಮರೆಯಲು ಮಾಡಿದ ವಸ್ತು ಇದಲ್ಲ. ಸಾಗರಕ್ಕೆ ಸಮೀಪದ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಯ ಕಟ್ಟುಗಳಿವೆ. ಹುಳುವಿಗೂ ತೇವಕ್ಕೂ ತುತ್ತಾಗುವ ಗರಿಯ ಮೇಲಿನ ಗ್ರಂಥಗಳು ತಲೆಮಾರುಗಳನ್ನು ದಾಟಿ ಬಂದುದು ಲಿಪಿಕಾರರು ಹಳೆಯ ಗರಿ ಶಿಥಿಲವಾಗುವ ಮುನ್ನ ಹೊಸ ಗರಿಗೆ ಪ್ರತಿ ಎತ್ತುತ್ತಿದ್ದುದರಿಂದ. ಡಿಜಿಟಲ್ ದಾಖಲೆಗೂ ಅದಲ್ಲದೆ ಬೇರೆ ಉಪಾಯವಿಲ್ಲ.

ಹೊನ್ನೆಮರಡಿನ ದಡಕ್ಕೋ ಆಟದ ಬಯಲಿಗೋ ಹೊರಡುವವರು 10 ಗಿಗಾಬಿಟ್ ಸಂಪರ್ಕದ, ಟಿಎಲ್‌ಸಿ ಕೋಶಗಳ, ಒಂದು ಟೆರಾಬೈಟ್ ಸಾಮರ್ಥ್ಯದ, ನೀರುರಕ್ಷಣೆಯುಳ್ಳ ಎಸ್‌ಎಸ್‌ಡಿಯೊಂದನ್ನು ಅದರದೇ ಕೇಬಲಿನೊಡನೆ ಚೀಲದಲ್ಲಿಟ್ಟುಕೊಳ್ಳಿ. ಮನೆಗೆ ಬಂದ ಮೇಲೆ ಅದರಲ್ಲಿರುವುದನ್ನು ಅಗ್ಗದ ಹಾರ್ಡ್ ಡಿಸ್ಕೊಂದಕ್ಕೆ ಪ್ರತಿ ಮಾಡಿ. ನಿಧಾನವಾದರೂ ಚಿಂತೆಯಿಲ್ಲ, 180 ಗಿಗಾಬೈಟ್‌ಗೆ ಅರ್ಧ ಗಂಟೆ ಸಾಕು. ಆ ಎರಡನೆಯ ಪ್ರತಿಯನ್ನು ತೆರೆದು ನೋಡಿ ಖಚಿತಪಡಿಸಿಕೊಳ್ಳುವವರೆಗೆ ಕ್ಯಾಮರಾದ ಕಾರ್ಡನ್ನು ದಯವಿಟ್ಟು ಅಳಿಸಬೇಡಿ.