ಅನುಕ್ತಾರ್ಥವೂ ಹಸ್ತಪ್ರತಿಯ ಓದೂ

ಲೋಕವ್ಯವಹಾರದಲ್ಲಿ ಉಕ್ತವಾದುದು ಅಲ್ಪ, ಅನುಕ್ತವಾದುದು ಅಧಿಕ. ಕೇಳುವವನು ಪ್ರಕರಣವನ್ನೂ ವಕ್ತೃವಿನ ವಿವಕ್ಷೆಯನ್ನೂ ಅರಿತು ಉಳಿದುದನ್ನು ತಾನೇ ತುಂಬಿಕೊಳ್ಳುತ್ತಾನೆ. ಇದನ್ನೇ ಶಾಸ್ತ್ರಕಾರರು ಅಧ್ಯಾಹಾರವೆಂದು ಕರೆದರು. ಹಸ್ತಪ್ರತಿಗಳನ್ನು ಓದುವವರಿಗೆ ಈ ವಿಷಯವು ಕೇವಲ ತರ್ಕದ್ದಲ್ಲ, ನಿತ್ಯದ ಕೆಲಸದ್ದು.

ಯಾದಗಿರಿ ಜಿಲ್ಲೆಯಲ್ಲಿ ಸುರಪುರಕ್ಕೆ ಹೊಂದಿಕೊಂಡಿರುವ ರಂಗಂಪೇಟೆಯ ಮನೆಮಾತನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಒಲೆಗೆ ಇನ್ನೂ ಉರಿಯಿಡದೆ ಹಿಟ್ಟನ್ನು ಜರಡಿ ಹಿಡಿಯುತ್ತಿರುವ ಗೃಹಿಣಿಯನ್ನು ನೆರೆಮನೆಯ ಹಿರಿಯಳು ‘ಏನ್ ಮಾಡ್ಲಾಕತ್ತೀಯವ್ವಾ?’ ಎಂದು ಕೇಳಿದರೆ ‘ರೊಟ್ಟಿ ಮಾಡ್ಲಾಕತ್ತೀನ್ರಿ’ ಎಂಬ ಉತ್ತರ ಬರುತ್ತದೆ. ರೊಟ್ಟಿ ಇನ್ನೂ ಹುಟ್ಟಿಲ್ಲ. ಆದರೂ ಮಾತು ಸುಳ್ಳಲ್ಲ. ‘ಜೋಳದ’ ಎಂಬ ವಿಶೇಷಣವೂ ಅಲ್ಲಿಲ್ಲ. ಆ ಸೀಮೆಯಲ್ಲಿ ರೊಟ್ಟಿಯೆಂದರೆ ಜೋಳದ ರೊಟ್ಟಿಯೇ. ಅಕ್ಕಿರೊಟ್ಟಿಯ ನಾಡಿನಿಂದ ಬಂದವನಿಗೆ ಮಾತ್ರ ಅದನ್ನು ಬಿಡಿಸಿ ಹೇಳಬೇಕಾಗುತ್ತದೆ.

ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ನೈಗಮನಯವನ್ನು ವಿವರಿಸುವಾಗ ಕೊಡುವ ದೃಷ್ಟಾಂತಗಳು ಇಂತಹವೇ. ಕೊಡಲಿ ಹಿಡಿದು ಹೊರಟವನು, ಏತಕ್ಕೆ ಹೋಗುತ್ತಿರುವೆಯೆಂದು ಕೇಳಿದಾಗ, ಪ್ರಸ್ಥವೆಂಬ ಅಳತೆಯ ಪಾತ್ರೆಯನ್ನು ತರಲೆನ್ನುತ್ತಾನೆ. ಸೌದೆ ನೀರುಗಳನ್ನು ಕೂಡಿಸುತ್ತಿರುವವನು ಅನ್ನ ಬೇಯಿಸುತ್ತಿರುವೆನೆನ್ನುತ್ತಾನೆ. ಸಂಕಲ್ಪಮಾತ್ರವನ್ನು ಗ್ರಹಿಸುವ ಈ ನಯವು ಲೋಕದ ಮಾತನ್ನು ತಿದ್ದುವುದಿಲ್ಲ, ಅದು ಯಾವ ದೃಷ್ಟಿಯಿಂದ ಸತ್ಯವೆಂಬುದನ್ನು ತೋರಿಸುತ್ತದೆ.

ಅಕಲಂಕದೇವರು ‘ಲಘೀಯಸ್ತ್ರಯ’ದಲ್ಲಿ ಇನ್ನೂ ಮುಂದೆ ಹೋಗುತ್ತಾರೆ. ‘ಸ್ಯಾತ್’ ಎಂಬ ಪದವನ್ನು ಪ್ರಯೋಗಿಸದಿದ್ದರೂ ಅದು ಅರ್ಥದಿಂದಲೇ ಪ್ರತೀತವಾಗುತ್ತದೆ. ಆದರೆ ಪ್ರಯೋಗಿಸುವವನು ಕುಶಲನಾಗಿರಬೇಕು ಎಂಬುದು ಅವರ ನಿಲುವು. ಈ ನಿಬಂಧನೆಯು ಗಮನಾರ್ಹ. ಹೇಳುವವನೂ ಕೇಳುವವನೂ ಒಂದೇ ತಿಳಿವಳಿಕೆಯನ್ನು ಹಂಚಿಕೊಂಡಿರುವವರೆಗೆ ಮಾತ್ರ ಮೌನವು ಅರ್ಥವನ್ನು ಹೊರಬಲ್ಲದು. ಆ ಬಳಗವು ಚದುರಿದರೆ ಅದೇ ಮೌನವು ಸಂದೇಹಕ್ಕೆ ಎಡೆಯಾಗುತ್ತದೆ.

ನಮ್ಮ ತಾಳೆಯೋಲೆಗಳಲ್ಲಿ ಆಗಿರುವುದು ಇದೇ. ಲಿಪಿಕಾರನು ಪದಗಳನ್ನು ಬಿಡಿಸಿ ಬರೆಯಲಿಲ್ಲ. ಹಳೆಯ ಪ್ರತಿಗಳಲ್ಲಿ ಎಕಾರ ಒಕಾರಗಳ ಹ್ರಸ್ವದೀರ್ಘಭೇದವೂ ಸಾಮಾನ್ಯವಾಗಿ ಕಾಣಿಸದು. ‘ಕೊಡು’ ಎಂದೋ ‘ಕೋಡು’ ಎಂದೋ ಓದುಗನೇ ನಿರ್ಣಯಿಸಬೇಕು. ತನ್ನ ಓದುಗನು ತನ್ನ ನುಡಿಯನ್ನೇ ಆಡುವವನೆಂಬ ನಂಬಿಕೆಯೇ ಇದಕ್ಕೆ ಆಧಾರ. ಧವಲಾಟೀಕೆಯಲ್ಲಿ ವೀರಸೇನಾಚಾರ್ಯರು ಹಲವು ಸೂತ್ರಗಳನ್ನು ಸುಗಮವೆಂದಷ್ಟೇ ಹೇಳಿ ದಾಟುತ್ತಾರೆ. ಗುರುಮುಖದಿಂದ ಪಾಠ ಕೇಳಿದವನಿಗೆ ಸುಗಮವಾದುದು ಪರಂಪರೆಯಿಂದ ದೂರವಾದವನಿಗೆ ದುರ್ಗಮವೇ ಆಗಬಹುದು. ಪ್ರತಿಯ ಅಂತ್ಯದಲ್ಲಿ ಶಕವರ್ಷವಿಲ್ಲದೆ ಸಂವತ್ಸರದ ಹೆಸರು ಮಾತ್ರವಿದ್ದರೆ, ಅಂದಿನವರಿಗೆ ಅದು ಸಾಕಾಗಿತ್ತು. ಆದರೆ ಅದೇ ಹೆಸರು 60 ವರ್ಷಗಳಿಗೊಮ್ಮೆ ಮರಳಿ ಬರುವುದರಿಂದ ಕೃತಿಯ ಕಾಲವು ಇಂದು ಒಂದೆರಡು ತಲೆಮಾರುಗಳಷ್ಟು ಹಿಂದುಮುಂದಾಗಬಹುದು.

ಆದುದರಿಂದ ಸಂಪಾದಕನ ಹೊಣೆ ಇಮ್ಮಡಿಯಾದುದು. ಅನುಕ್ತವನ್ನು ತುಂಬದಿದ್ದರೆ ಗ್ರಂಥವು ಮೂಕವಾಗುತ್ತದೆ. ತುಂಬಿದುದನ್ನು ಕಂಸದಲ್ಲಿ ಗುರುತಿಸದಿದ್ದರೆ ಸಂಪಾದಕನ ಊಹೆಯೇ ಆಚಾರ್ಯರ ವಚನವಾಗಿಬಿಡುತ್ತದೆ. ಅಪರಿಚಿತ ರೂಪವನ್ನು ಲಿಪಿಕಾರನ ಪ್ರಮಾದವೆಂದು ತಿದ್ದುವ ಮುನ್ನ ಆ ಪ್ರತಿ ಸಿದ್ಧವಾದ ಸೀಮೆಯ ಆಡುಮಾತನ್ನು ವಿಚಾರಿಸುವುದು ಲೇಸು. ರಂಗಂಪೇಟೆಯಂತಹ ಊರುಗಳ ಹಿರಿಯರ ಬಾಯಲ್ಲಿರುವ ನುಡಿಯನ್ನು ಈಗಲೇ ಬರೆದಿಡುವುದೂ ಹಸ್ತಪ್ರತಿರಕ್ಷಣೆಯ ಒಂದು ಅಂಗವೇ. ಓಲೆಯನ್ನು ಎಣ್ಣೆ ಹಚ್ಚಿ ಉಳಿಸಬಹುದು. ಓಲೆಯು ಹೇಳದೆ ಬಿಟ್ಟುದನ್ನು ಬಲ್ಲವರ ನೆನಪಿಗೆ ಅಂತಹ ಎಣ್ಣೆಯಿಲ್ಲ.