ಕ್ರೂಸ್ ಹಡಗಿನ ಸಿಬ್ಬಂದಿ ಮತ್ತು ಪ್ರಯಾಣಿಕರ ಸುರಕ್ಷತೆ

ಮಾರಾಟದ ಗುರಿ ತಲುಪಿದ ವಿತರಕರನ್ನು ಕುಟುಂಬಸಮೇತ ಕ್ರೂಸ್ ಪ್ರವಾಸಕ್ಕೆ ಕಳುಹಿಸುವ ಪದ್ಧತಿ ವ್ಯಾಪಾರ ವಲಯದಲ್ಲಿದೆ. ಇಂತಹ ಸಂದರ್ಭದಲ್ಲಿ ದರ, ಊಟ, ಕೊಠಡಿಗಳ ಬಗ್ಗೆ ವಿಚಾರಿಸುವವರು ಹಡಗಿನ ಸಿಬ್ಬಂದಿಯ ಸ್ಥಿತಿಗತಿಯನ್ನು ವಿಚಾರಿಸುವುದು ಅಪರೂಪ. ಆದರೆ ಆಪತ್ತಿನಲ್ಲಿ ಪ್ರಯಾಣಿಕರನ್ನು ಜೀವರಕ್ಷಕ ದೋಣಿಯವರೆಗೆ ಕರೆದೊಯ್ಯುವ ಹೊಣೆ ಊಟ ಬಡಿಸುವ, ಕೊಠಡಿ ಶುಚಿಗೊಳಿಸುವ ನೌಕರರ ಮೇಲೂ ಇರುತ್ತದೆ. ಆದುದರಿಂದ ಅವರ ವಿಶ್ರಾಂತಿ ಮತ್ತು ತರಬೇತಿ ಪ್ರಯಾಣಿಕರ ಸುರಕ್ಷತೆಯ ಅಂಗವೇ ಆಗಿವೆ.

ದುರಂತ ಕಲಿಸಿದ ಪಾಠ

2012ರ ಜನವರಿ 13ರ ರಾತ್ರಿ ‘ಕೋಸ್ಟಾ ಕಾಂಕಾರ್ಡಿಯಾ’ ಹಡಗು ಇಟಲಿಯ ಜಿಲಿಯೊ ದ್ವೀಪದ ಬಳಿ ಬಂಡೆಗೆ ಬಡಿದು ವಾಲಿತು. ಹಡಗಿನಲ್ಲಿದ್ದ 4,200ಕ್ಕೂ ಹೆಚ್ಚು ಜನರ ಪೈಕಿ 32 ಮಂದಿ ಅಸುನೀಗಿದರು. ಹಡಗು ತೊರೆಯುವ ಆದೇಶ ಹೊರಬೀಳಲು ಒಂದು ಗಂಟೆಗೂ ಅಧಿಕ ಕಾಲ ಹಿಡಿಯಿತು. ಆ ಸಂಜೆ ಹಡಗನ್ನೇರಿದ್ದ ನೂರಾರು ಪ್ರಯಾಣಿಕರಿಗೆ ತುರ್ತು ಅಭ್ಯಾಸವೇ ನಡೆದಿರಲಿಲ್ಲ. 24 ಗಂಟೆಯೊಳಗೆ ನಡೆಸಿದರೆ ಸಾಕೆಂಬುದು ಅಂದಿನ ನಿಯಮವಾಗಿತ್ತು. ಮೃತರಲ್ಲಿ ಭಾರತೀಯ ಪರಿಚಾರಕರೊಬ್ಬರೂ ಇದ್ದರು. ಅವರ ಅವಶೇಷ ದೊರೆತುದು 2014ರ ನವೆಂಬರಿನಲ್ಲಿ, ಎಲ್ಲರಿಗಿಂತ ಕೊನೆಗೆ. ನಿಯಮವನ್ನು ತಿದ್ದಿದ ಪರಿಣಾಮವಾಗಿ 2015ರ ಜನವರಿ 1ರಿಂದ ಈ ಅಭ್ಯಾಸವನ್ನು ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ನಡೆಸುವುದು ಕಡ್ಡಾಯವಾಗಿದೆ.

ದುಡಿಮೆಯ ಲೆಕ್ಕ

ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2006ರ ಕಡಲ ಕಾರ್ಮಿಕ ಒಡಂಬಡಿಕೆಯು 2013ರ ಆಗಸ್ಟಿನಲ್ಲಿ ಜಾರಿಗೆ ಬಂದಿತು; ಭಾರತ 2015ರಲ್ಲಿ ಅನುಮೋದಿಸಿತು. ಇದರಂತೆ ಸದಸ್ಯ ರಾಷ್ಟ್ರವು ಎರಡು ಮಾನದಂಡಗಳಲ್ಲಿ ಒಂದನ್ನು ಅನುಸರಿಸಬಹುದು. ಮೊದಲನೆಯದು, ದುಡಿಮೆ ದಿನಕ್ಕೆ 14 ಹಾಗೂ ವಾರಕ್ಕೆ 72 ಗಂಟೆ ಮೀರಬಾರದು. ಎರಡನೆಯದು, ವಿಶ್ರಾಂತಿ ದಿನಕ್ಕೆ 10 ಹಾಗೂ ವಾರಕ್ಕೆ 77 ಗಂಟೆಗೆ ಕಡಿಮೆಯಾಗಬಾರದು. ವಾರದ 168 ಗಂಟೆಗಳಲ್ಲಿ 77 ಕಳೆದರೆ ಉಳಿಯುವುದು 91. ಅಂದರೆ ಎರಡನೆಯ ಮಾನದಂಡದಂತೆ ವಾರಕ್ಕೆ 91 ಗಂಟೆ ದುಡಿಸಿದರೂ ನಿಯಮಭಂಗವಾಗದು. ಭಾರತದ ಕಾರ್ಖಾನೆಗಳಲ್ಲಿ ಸಾಮಾನ್ಯ ಮಿತಿ 48 ಗಂಟೆ ಎಂಬುದನ್ನು ಇದರೊಡನೆ ಹೋಲಿಸಬಹುದು.

ಧ್ವಜ ಮತ್ತು ಟಿಕೆಟ್

ಮಾಲೀಕರು ಯಾವ ದೇಶದವರೇ ಆಗಿರಲಿ, ಅನೇಕ ಕ್ರೂಸ್ ಹಡಗುಗಳು ಬಹಾಮಾಸ್, ಪನಾಮಾ, ಮಾಲ್ಟಾ ಮುಂತಾದ ದೇಶಗಳಲ್ಲಿ ನೋಂದಣಿಯಾಗಿರುತ್ತವೆ. ಸಿಬ್ಬಂದಿಯ ಸ್ಥಿತಿಗತಿಯ ಮೇಲ್ವಿಚಾರಣೆಯ ಪ್ರಧಾನ ಹೊಣೆ ಆ ಧ್ವಜ ರಾಷ್ಟ್ರದ್ದಾಗಿರುತ್ತದೆ. ಟಿಕೆಟ್ ಕೂಡ ಒಂದು ಕರಾರುಪತ್ರವೇ. ಕಾರ್ನಿವಲ್ ಕ್ರೂಸ್ ಲೈನ್ಸ್ ವಿರುದ್ಧ ಶೂಟ್ ಪ್ರಕರಣದಲ್ಲಿ, ಫ್ಲೋರಿಡಾದಲ್ಲಿಯೇ ದಾವೆ ಹೂಡಬೇಕೆಂಬ ಟಿಕೆಟ್ ಷರತ್ತನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಎತ್ತಿಹಿಡಿಯಿತು. ಗಾಯಗೊಂಡಿದ್ದ ಪ್ರಯಾಣಿಕರಾದರೋ ದೂರದ ವಾಷಿಂಗ್ಟನ್ ರಾಜ್ಯದವರು.

ಪ್ರಯಾಣಿಕರು ಮಾಡಬೇಕಾದುದು

ಹಣ ಪಾವತಿಸುವ ಮುನ್ನ ಹಡಗಿನ ಧ್ವಜ ಯಾವುದು, ದಾವೆಯ ಸ್ಥಳ ಹಾಗೂ ಕಾಲಮಿತಿ ಏನು ಎಂಬುದನ್ನು ಓದಿಕೊಳ್ಳುವುದು ಒಳಿತು. ವಿಮೆಯು ಸಮುದ್ರದ ಮೇಲಿನ ಚಿಕಿತ್ಸೆ ಮತ್ತು ಸ್ಥಳಾಂತರದ ವೆಚ್ಚವನ್ನು ಒಳಗೊಂಡಿದೆಯೇ ಎಂಬುದನ್ನೂ ಪರಿಶೀಲಿಸತಕ್ಕದ್ದು. ಹಡಗನ್ನೇರಿದ ಮೇಲೆ ತಮ್ಮ ಕೊಠಡಿಯಿಂದ ತುರ್ತು ಸಭಾಸ್ಥಳಕ್ಕೆ ಒಮ್ಮೆ ನಡೆದು ನೋಡಬೇಕು. ತುರ್ತು ಅಭ್ಯಾಸವನ್ನು ಬೇಸರದ ವಿಧಿಯೆಂದು ಎಣಿಸದೆ ಗಮನವಿಟ್ಟು ಪಾಲಿಸಬೇಕು. ಅಂದು ದಾರಿ ತೋರಿಸುವ ನೌಕರನೇ ಆಪತ್ತಿನಲ್ಲಿ ಕೈಹಿಡಿದು ನಡೆಸುವವನು. ಅವನ ವಿಶ್ರಾಂತಿಗೆ ತಗಲುವ ವೆಚ್ಚವನ್ನು ಉಳಿಸಿ ಅಗ್ಗವಾದ ಟಿಕೆಟ್, ಪ್ರಯಾಣಿಕರ ಪಾಲಿಗೆ ಲಾಭವೆನಿಸದು.