ತಿರುವಿನಲ್ಲಿ ಜಾರಿದ ಚಕ್ರ

ಮುಂಬಯಿಗೆ ಮಳೆಗಾಲವು ಜೂನ್ ತಿಂಗಳಿನಲ್ಲಿ ಕಾಲಿಡುತ್ತದೆ. ಬೇಸಿಗೆಯುದ್ದಕ್ಕೂ ರಸ್ತೆಯ ಮೇಲೆ ಕುಳಿತ ಎಣ್ಣೆ, ಧೂಳುಗಳು ಮೊದಲ ಮಳೆಯೊಡನೆ ಬೆರೆತು ಲೋಳೆಯಂತಾಗುತ್ತವೆ. ಪಶ್ಚಿಮ ಎಕ್ಸ್‌ಪ್ರೆಸ್ ಹೆದ್ದಾರಿಯನ್ನು ಬಿಟ್ಟು ಬೊರಿವಲಿ ನಿಲ್ದಾಣದ ಕಡೆಗೆ ಹೊರಳುವ ಸಣ್ಣ ಮೋಟಾರ್ ಸೈಕಲ್ಲಿನ ಸವಾರನು ಜಾರಿ ಬೀಳಲು ಇಷ್ಟು ಸಾಕು. ಏನಾಯಿತೆಂದು ವಿಚಾರಿಸಿದವರಿಗೆಲ್ಲ ದೊರೆಯುವ ಉತ್ತರ ಒಂದೇ: “ಗಾಡಿ ಸ್ಲಿಪ್ ಆಯಿತು.” ಈ ವಾಕ್ಯದಲ್ಲಿ ಸವಾರನ ಸುಳಿವೇ ಇಲ್ಲವೆಂಬುದನ್ನು ಗಮನಿಸಬೇಕು.

ಗಾಡಿ ತಾನಾಗಿ ಜಾರುವುದು ಅಪರೂಪ. ಹನ್ನೆರಡು ಮೀಟರ್ ತ್ರಿಜ್ಯದ ತಿರುವೊಂದನ್ನು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ದಾಟಲು ಗಾಡಿಯು ಸುಮಾರು 15 ಡಿಗ್ರಿ ವಾಲಿದರೆ ಸಾಕು. ವೇಗ 30 ಆದರೆ 30 ಡಿಗ್ರಿ, 40 ಆದರೆ 46 ಡಿಗ್ರಿ! ವೇಗವು ಇಮ್ಮಡಿಯಾದಾಗ ಬೇಕಾಗುವ ಹಿಡಿತ ನಾಲ್ಮಡಿಯಾಗುತ್ತದೆ. ಒಣ ರಸ್ತೆಯೂ ಅಷ್ಟನ್ನು ಕೊಡಲಾರದು. ಹೆದ್ದಾರಿಯ ವೇಗಕ್ಕೆ ಒಗ್ಗಿದ ಕಣ್ಣಿಗಾದರೋ ನಲವತ್ತು ಕಿಲೋಮೀಟರು ತೆವಳಿದಂತೆಯೇ ಕಾಣುತ್ತದೆ.

ಟೈರಿನ ಹಿಡಿತವು ಖಾತೆಯಲ್ಲಿರುವ ಶಿಲ್ಕಿನಂತೆ. ತಿರುಗುವುದಕ್ಕೂ ಬ್ರೇಕಿಗೂ ಚೆಕ್ಕು ಬರೆಯುವುದು ಆ ಒಂದೇ ಖಾತೆಯ ಮೇಲೆ. ತಿರುವಿನ ನಡುವೆ ಗಾಬರಿಗೊಂಡು ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದವನ ಚೆಕ್ಕು ಅಲ್ಲಿಯೇ ಮರಳುತ್ತದೆ. ಬ್ರೇಕಿನ ಕೆಲಸವು ತಿರುವಿಗೆ ಮೊದಲೇ, ಗಾಡಿ ನೆಟ್ಟಗಿರುವಾಗಲೇ ಮುಗಿದಿರಬೇಕು. ದೃಷ್ಟಿಯೂ ಹಾಗೆಯೇ, ಕಂಬವನ್ನು ನೋಡಿದವನು ಕಂಬದತ್ತಲೇ ಸಾಗುತ್ತಾನೆ, ತಿರುವಿನ ಆಚೆಯ ದಾರಿಯನ್ನು ನೋಡಿದವನು ದಾರಿಯತ್ತ. ಇನ್ನು ಎತ್ತಲು ಮರೆತ ಪಕ್ಕದ ಸ್ಟ್ಯಾಂಡು ಎಡತಿರುವಿನಲ್ಲಿ ನೆಲಕ್ಕೆ ತಗುಲಿ ಗಾಡಿಯನ್ನೇ ಎತ್ತಿಹಾಕುವುದುಂಟು. ಹಿಂದೆ ಕುಳಿತವರು ಭಯದಿಂದ ವಿರುದ್ಧ ದಿಕ್ಕಿಗೆ ವಾಲುವುದೂ ಒಂದು ಕಾರಣವೇ.

ಇದು ಕೇವಲ ಮೊಣಕೈ ತರಚಿಕೊಳ್ಳುವ ವಿಷಯವಲ್ಲ. ‘ನಾನು ಅವನಲ್ಲ... ಅವಳು’ ಚಿತ್ರಕ್ಕಾಗಿ ಶ್ರೇಷ್ಠ ನಟನೆಂದು ರಾಷ್ಟ್ರಪ್ರಶಸ್ತಿ ಪಡೆದ ಸಂಚಾರಿ ವಿಜಯ್ 2021ರ ಜೂನ್ ತಿಂಗಳ ಒಂದು ರಾತ್ರಿ ಬೆಂಗಳೂರಿನಲ್ಲಿ ಮಿತ್ರರೊಬ್ಬರ ಬೈಕಿನ ಹಿಂಬದಿಯಲ್ಲಿ ಕುಳಿತು ಹೊರಟಿದ್ದರು. ಬೈಕು ಜಾರಿತು, ತಲೆಗೆ ತೀವ್ರ ಪೆಟ್ಟಾಯಿತು. ನಲವತ್ತು ತುಂಬುವ ಮೊದಲೇ ಅವರು ತೀರಿಕೊಂಡರು. ಅವರ ಅಂಗಾಂಗಗಳನ್ನು ಕುಟುಂಬದವರು ದಾನ ಮಾಡಿದರು. 

ಹೆಲ್ಮೆಟ್ಟು ಮೋಟಾರ್ ಸೈಕಲ್ ಅಪಘಾತಗಳಲ್ಲಿ ಸಾವಿನ ಸಂಭವವನ್ನು ಶೇಕಡಾ 42ರಷ್ಟೂ ತಲೆಯ ಗಾಯದ ಸಂಭವವನ್ನು ಶೇಕಡಾ 69ರಷ್ಟೂ ತಗ್ಗಿಸುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಪರಿಶೀಲನೆಯೊಂದು ತಿಳಿಸುತ್ತದೆ. ಹಿಂದೆ ಕುಳಿತವರ ತಲೆಯೂ ತಲೆಯೇ. ಪಟ್ಟಿಯನ್ನು ಬಿಗಿಯದಿದ್ದಲ್ಲಿ ನೆಲಕ್ಕೆ ಮೊದಲು ತಲುಪುವುದು ಬರಿಯ ಹೆಲ್ಮೆಟ್ಟು.

ಬಿದ್ದವನು ತಕ್ಷಣ ಎದ್ದು ನಿಂತು “ಏನೂ ಆಗಿಲ್ಲ” ಎನ್ನುವುದನ್ನು ನಂಬಲಾಗದು. ವಾಂತಿ, ಮಂಪರು, ಹೆಚ್ಚುತ್ತಿರುವ ತಲೆನೋವು, ತೊದಲು ಮಾತು ಇವುಗಳಲ್ಲಿ ಒಂದು ಕಂಡರೂ ವಿಳಂಬಿಸದೆ ಆಸ್ಪತ್ರೆಗೆ ಒಯ್ಯಬೇಕು. 108ಕ್ಕೆ ಕರೆ ಮಾಡಬಹುದು. ತರಚಿದ ಗಾಯವನ್ನು ಹರಿಯುವ ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಉಳಿದ ಮರಳು, ಡಾಂಬರು ಚರ್ಮದೊಳಗೆ ಶಾಶ್ವತವಾದ ಹಚ್ಚೆಯಂತೆ ನಿಂತುಬಿಡುತ್ತದೆ. ನಮ್ಮವರು ಪ್ರೀತಿಯಿಂದ ಮೆತ್ತುವ ಕಾಫಿಪುಡಿಯು ಡಬ್ಬಿಯಲ್ಲಿರುವುದೇ ಲೇಸು. ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಬೇಕು.

ಬೀಳುವಾಗ ಅಂಗೈಯನ್ನು ನೆಲಕ್ಕೂರುವುದು ಸಹಜ. ಆಗ ಮಣಿಕಟ್ಟಿನಲ್ಲಿ ಹೆಬ್ಬೆರಳ ಬುಡಕ್ಕಿರುವ ದೋಣಿಯಾಕಾರದ ಸಣ್ಣ ಎಲುಬು ಬಿರುಕುಬಿಡಬಹುದು. ಮೊದಲ ಕ್ಷ-ಕಿರಣ ಚಿತ್ರದಲ್ಲಿ ಅದು ಕಾಣದೇ ಹೋಗುವುದುಂಟು. ಆದುದರಿಂದ ನೋವು ಉಳಿದಿದ್ದರೆ ಹತ್ತು ಹದಿನಾಲ್ಕು ದಿನಗಳ ನಂತರ ಮತ್ತೊಮ್ಮೆ ಚಿತ್ರ ತೆಗೆಸಬೇಕು. ಉಳುಕೆಂದು ಉಜ್ಜಿ ಕಡೆಗಣಿಸಿದರೆ ಎಲುಬು ಕೂಡದೆ ಮಣಿಕಟ್ಟು ವರ್ಷಗಟ್ಟಲೆ ಪೀಡಿಸುತ್ತದೆ. ವೇಗದ ಹಿಡಿಯೂ ಮುಂಬ್ರೇಕೂ ಬಲಗೈಯಲ್ಲಿಯೇ ಇರುವುದರಿಂದ, ಆ ಕೈಗೆ ಬಲ ಬರುವ ತನಕ ಬೈಕು ಮೂಲೆಯಲ್ಲಿರಲಿ. ಬೊರಿವಲಿಯಿಂದ ಚರ್ಚ್‌ಗೇಟಿಗೆ ಲೋಕಲ್ ರೈಲಂತೂ ಇದೆ; 2023ರಿಂದ ಅದೇ ಹೆದ್ದಾರಿಯ ಮೇಲೆ ಗುಂದವಲಿಯವರೆಗೆ ಮೆಟ್ರೋ ಕೂಡ ಓಡುತ್ತಿದೆ.